ನಗೆಯೆಂಬ ನೋಕಷಾಯ: ಕಿರುತೆರೆಯ ಹಾಸ್ಯಪಾತ್ರಗಳ ಒಂದು ಪರಿಶೀಲನೆ

ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ಹೇಳಿದ ಬಳಿಕ ಜೈನ ಕರ್ಮಸಿದ್ಧಾಂತವು ಒಂಬತ್ತು ನೋಕಷಾಯಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದೇ ಹಾಸ್ಯ. ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು ಅದರ ಅನಂತರ ಬರುತ್ತವೆ. ಯಾರಿಗೂ ಕೇಡು ಬಯಸದಂತೆ ತೋರುವ ನಗುವನ್ನು ಚಾರಿತ್ರಮೋಹನೀಯದ ಪಟ್ಟಿಯಲ್ಲಿ ಸೇರಿಸಿದ್ದೇಕೆ ಎಂಬ ಸಂದೇಹ ಸ್ವಾಧ್ಯಾಯಕ್ಕೆ ಕುಳಿತ ಶ್ರಾವಕರಲ್ಲಿ ಹಲವರಿಗೆ ಏಳುವುದು ಸಹಜ. ಅದಕ್ಕೆ ಸಮಾಧಾನ ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿದೆ. ಹಾಸ್ಯವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ವಿವರಿಸುತ್ತ ಅವರು ಸದ್ಧರ್ಮದ ಅಪಹಾಸ್ಯ, ದೀನರನ್ನು ಕಂಡು ನಗುವುದು, ಕಾಮಪ್ರೇರಿತವಾದ ವಿನೋದ, ಮಿತಿಮೀರಿದ ಪ್ರಲಾಪ, ಗೇಲಿಯನ್ನೇ ಸ್ವಭಾವವಾಗಿ ಮಾಡಿಕೊಳ್ಳುವುದು ಎಂಬಿವನ್ನು ಹೆಸರಿಸುತ್ತಾರೆ. ಪ್ರತಿಯೊಂದು ಕಾರಣದಲ್ಲಿಯೂ ನಗುವಿಗೆ ಒಂದು ಗುರಿಯೋ ಒಂದು ಅತಿರೇಕವೋ ಅಂಟಿಕೊಂಡಿದೆ. ಆದುದರಿಂದ ವಿಚಾರಿಸಬೇಕಾದುದು ನಗಬೇಕೆ, ನಗಬಾರದೆ ಎಂಬುದಕ್ಕಿಂತ ಹೆಚ್ಚಾಗಿ, ಯಾರನ್ನು ಕಂಡು, ಯಾವುದಕ್ಕಾಗಿ, ಎಷ್ಟು ಬಾರಿ ನಗುವುದು ಎಂಬುದನ್ನು.

ಈ ವಿಚಾರ ಇಂದು ಬಸದಿಯ ಪ್ರವಚನಕ್ಕೆ ಸೀಮಿತವಾಗಿ ಉಳಿದಿಲ್ಲ. ವಾರಾಂತ್ಯದ ರಾತ್ರಿಗಳಲ್ಲಿ ಕನ್ನಡದ ಮನೆಗಳಲ್ಲಿ ಊಟದ ತಟ್ಟೆಯೊಡನೆ ಕಿರುತೆರೆಯ ಹಾಸ್ಯವೂ ಬಂದು ಕೂರುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ರಾರಾವಿಯಂತಹ ಊರಿನಲ್ಲಿ ಈ ನಗು ಎರಡು ಭಾಷೆಗಳಲ್ಲಿ ಬರುತ್ತದೆ. ಜನರು ಹಗರಿ ಎಂದು ಕರೆಯುವ ವೇದಾವತಿಯ ಬದಿಯ ಈ ಊರಿಗೆ ಆಂಧ್ರದ ಗಡಿ ಸಮೀಪ. ಕನ್ನಡವೂ ತೆಲುಗೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುವ ಸೀಮೆ ಇದು. ಒಂದು ಕಡೆಯಿಂದ ಕನ್ನಡದ ‘ಮಜಾ ಟಾಕೀಸ್’, ‘ಕಾಮಿಡಿ ಕಿಲಾಡಿಗಳು’. ಇನ್ನೊಂದು ಕಡೆಯಿಂದ 2013ರಲ್ಲಿ ಆರಂಭವಾದ ತೆಲುಗಿನ ‘ಜಬರ್ದಸ್ತ್’. ಭಾಷೆ ಬೇರೆಯಾದರೂ ಕಟ್ಟಡ ಒಂದೇ. ಸಣ್ಣ ಸಣ್ಣ ಪ್ರಹಸನಗಳು, ಮತ್ತೆ ಮತ್ತೆ ಮರಳಿ ಬರುವ ಅದೇ ಪಾತ್ರಗಳು, ಆ ಪಾತ್ರಗಳಿಗೆ ಅಂಟಿದ ಒಂದೊಂದು ಕುಂದು, ಒಂದೊಂದು ಪಲ್ಲವಿಯಂತಹ ಮಾತು.

ಮರಳಿ ಬರುವ ಹಾಸ್ಯಪಾತ್ರ ಈ ಸೀಮೆಗೆ ಹೊಸದಲ್ಲ. ಬಳ್ಳಾರಿ ಸುತ್ತಿನ ತೊಗಲುಗೊಂಬೆಯಾಟದಲ್ಲಿ ರಾಮಾಯಣ ಮಹಾಭಾರತಗಳ ಕಥೆಯ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬಂದು ಜನರನ್ನು ನಗಿಸುತ್ತಿದ್ದರು. ಗಡಿಯಾಚೆಯ ತೆಲುಗು ಗೊಂಬೆಯಾಟದಲ್ಲಿಯೂ ಬಂಗಾರಕ್ಕ ಇದ್ದಾಳೆ. ಅವಳ ಜೊತೆಗೆ ಕೇತಿಗಾಡು, ಜುಟ್ಟುಪೋಲಿಗಾಡು ಇದ್ದಾರೆ. ಈ ಪಾತ್ರಗಳ ಮಾತು ಶುದ್ಧವಾಗಿತ್ತೆಂದು ಯಾರೂ ಹೇಳಲಾರರು. ಅಶ್ಲೀಲವೂ ಅದರಲ್ಲಿ ಧಾರಾಳವಾಗಿತ್ತು. ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ತೊಗಲಿನ ಮೇಲೆ ಕೊರೆದ ಆ ವಿಕಾರರೂಪದ ಗೊಂಬೆಯ ಹೆಸರು ಕ್ರಮೇಣ ಅದನ್ನು ಆಡಿಸುವ ಜನರ ಹೆಸರೂ ಆಯಿತು. ಇಡೀ ಸಮುದಾಯವನ್ನು ಕಿಳ್ಳೇಕ್ಯಾತರೆಂದು ಕರೆದರು. ಆ ಶಬ್ದ ಬೈಗುಳವಾಗಿಯೂ ಬಳಕೆಗೆ ಬಂದಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರಂತಹ ಕಲಾವಿದರು ಬಾಪೂಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲುಗೊಂಬೆಯ ಪರದೆಗೆ ತಂದು ಆ ಕಲೆಗೆ ಗೌರವ ದೊರಕಿಸಿದರು. 2023ರಲ್ಲಿ ಅವರು ಕಾಲವಾದರು. ಆದರೆ ಪರದೆಯ ಮೇಲಿನ ಹಾಸ್ಯದ ಹೆಸರು ಪರದೆಯನ್ನು ದಾಟಿ ಮನುಷ್ಯರ ಮೈಗೆ ಅಂಟುತ್ತದೆ ಎಂಬ ಪಾಠ ಉಳಿದೇ ಇದೆ. ಕಿರುತೆರೆಯ ಪಾತ್ರಗಳನ್ನು ಪರೀಕ್ಷಿಸುವಾಗ ಈ ಪಾಠವನ್ನು ಮರೆಯಬಾರದು.

‘ಮಜಾ ಟಾಕೀಸ್’ 2015ರ ಫೆಬ್ರುವರಿಯಲ್ಲಿ ಆಗಿನ ಈ ಟಿವಿ ಕನ್ನಡ ವಾಹಿನಿಯಲ್ಲಿ ಆರಂಭವಾಯಿತು. ಅದೇ ವರ್ಷ ಆ ವಾಹಿನಿ ಕಲರ್ಸ್ ಕನ್ನಡ ಎಂಬ ಹೆಸರು ತಳೆಯಿತು. ಕಾರ್ಯಕ್ರಮದ ಸೂತ್ರಧಾರ ಸೃಜನ್ ಲೋಕೇಶ್. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ನಾಯಕ ಸುಬ್ಬಯ್ಯ ನಾಯ್ಡು ಇವರ ಅಜ್ಜ, ನಟ ಲೋಕೇಶ್ ಇವರ ತಂದೆ. ವೃತ್ತಿರಂಗಭೂಮಿಯ ಸಮಯಸ್ಫೂರ್ತಿ ಮೂರನೆಯ ತಲೆಮಾರಿಗೆ ಇಳಿದುಬಂದಿರುವುದನ್ನು ಇವರ ಮಾತುಗಾರಿಕೆಯಲ್ಲಿ ಕಾಣಬಹುದು. ಕಾರ್ಯಕ್ರಮದ ಚೌಕಟ್ಟು ಮಾತ್ರ 2013ರಲ್ಲಿ ಹಿಂದಿಯಲ್ಲಿ ಬಂದ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ನದು. ಒಂದು ಮನೆ, ಒಬ್ಬ ಗಂಡ ಸೃಜ, ಶ್ವೇತಾ ಚೆಂಗಪ್ಪ ಅಭಿನಯಿಸಿದ ಹೆಂಡತಿ ರಾಣಿ, ಮನೆಗೆ ಬಂದು ಹೋಗುವ ನೆಂಟರಿಷ್ಟರು, ಹೊಸ ಚಿತ್ರದ ಪ್ರಚಾರಕ್ಕೆ ಬರುವ ತಾರೆಯರು, ಪಕ್ಕದಲ್ಲಿ ಕುಳಿತು ನಗುವ ಒಬ್ಬ ಖಾಯಂ ಅತಿಥಿ. ಆ ಆಸನದಲ್ಲಿ ನಿರ್ದೇಶಕ ಇಂದ್ರಜಿತ್ ಲಂಕೇಶ್ ಕೂರುತ್ತಿದ್ದರು. ಜನಪ್ರಿಯತೆಯ ಕಾರಣದಿಂದ ಕಾರ್ಯಕ್ರಮ ಮುಂದೆ ಹಲವು ಆವೃತ್ತಿಗಳನ್ನು ಕಂಡಿತು.

ಈ ಮನೆಯ ಪಾತ್ರಗಳಲ್ಲಿ ವಿಮರ್ಶೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಅಪರ್ಣಾ ಅವರ ವರಲಕ್ಷ್ಮಿ. ಅಪರ್ಣಾ ಕನ್ನಡಿಗರಿಗೆ ಮೊದಲು ಪರಿಚಿತರಾದುದು ಹಾಸ್ಯದಿಂದಲ್ಲ. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದ ನಟಿಯಾಗಿ, ಆಮೇಲೆ ಆಕಾಶವಾಣಿ ಮತ್ತು ದೂರದರ್ಶನದ ಉದ್ಘೋಷಕಿಯಾಗಿ, ಸರ್ಕಾರಿ ಸಮಾರಂಭಗಳ ನಿರೂಪಕಿಯಾಗಿ, ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ನಿಲ್ದಾಣಗಳ ಹೆಸರು ಹೇಳುವ ಧ್ವನಿಯಾಗಿ ಅವರು ಜನಮನದಲ್ಲಿ ನೆಲೆಸಿದವರು. ಅಲ್ಪಪ್ರಾಣ ಮಹಾಪ್ರಾಣಗಳು ಎಳ್ಳಷ್ಟೂ ಜಾರದ ಮಾತು ಅವರದು. ಅಂತಹ ಕಲಾವಿದೆ ತನ್ನ ಹೆಸರಿನ ಹಿಂದೆ ‘ಒನ್ ಅಂಡ್ ಓನ್ಲಿ’ ಎಂಬ ಬಿರುದನ್ನು ತಾನೇ ತೊಡಿಸಿಕೊಂಡು ಮೆರೆಯುವ ಹೆಂಗಸಾಗಿ ಬಂದಾಗ ನಗು ಹುಟ್ಟಿದ್ದು ಎಲ್ಲಿಂದ? ವರಲಕ್ಷ್ಮಿಯ ಮೈಬಣ್ಣದಿಂದಲ್ಲ, ಗಾತ್ರದಿಂದಲ್ಲ, ಊರಿನಿಂದಲ್ಲ, ಅವಳ ಆತ್ಮಪ್ರಶಂಸೆಯಿಂದ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ನಗೆಗೀಡಾದುದು ಮಾನಕಷಾಯ. ಕಲಾವಿದೆ ತನ್ನ ಗಾಂಭೀರ್ಯವನ್ನೇ ಪಣವಾಗಿಟ್ಟು ನಗಿಸಿದರು. ಆ ನಗುವಿನ ಬೆಲೆಯನ್ನು ಇನ್ನೊಬ್ಬರಿಂದ ವಸೂಲು ಮಾಡಲಿಲ್ಲ. ನೋಡುವವರಲ್ಲಿಯೂ ತನ್ನೊಳಗಿನ ‘ನಾನೊಬ್ಬನೇ’ ಎಂಬ ಭಾವ ಒಮ್ಮೆ ಮುಜುಗರಪಟ್ಟಿದ್ದರೆ ಅದು ಈ ಪಾತ್ರದ ಸಾಫಲ್ಯ. 2024ರ ಜುಲೈ 11ರಂದು ಅಪರ್ಣಾ ನಿಧನರಾದಾಗ ನಾಡು ಅವರ ಕನ್ನಡವನ್ನು ನೆನೆದಷ್ಟೇ ಪ್ರೀತಿಯಿಂದ ವರಲಕ್ಷ್ಮಿಯನ್ನೂ ನೆನೆಯಿತು.

ಇದೇ ಜಾತಿಯ ಪಾತ್ರಗಳು ಕನ್ನಡ ಕಿರುತೆರೆಯಲ್ಲಿ ಮೊದಲೂ ಇದ್ದವು. ಎರಡು ಸಾವಿರದ ಮೊದಲ ದಶಕದಲ್ಲಿ ಈ ಟಿವಿ ಕನ್ನಡದಲ್ಲಿ ಪ್ರಸಾರವಾದ ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲರಾವ್ ತನ್ನ ವೈದ್ಯಕೀಯದ ಬಗ್ಗೆ ತಾನೇ ಡಂಗುರ ಹೊಡೆದುಕೊಳ್ಳುವವನು, ಅದೇ ಧಾರಾವಾಹಿಯ ಲಲಿತಾಂಬ ಸಮಾಜಸೇವಕಿ ಎಂಬ ಪಟ್ಟವನ್ನು ಬಿಡದೆ ಹೊತ್ತು ತಿರುಗುವವಳು. ರವಿಶಂಕರ ಗೌಡರು ಆ ವೈದ್ಯನನ್ನು ಎಷ್ಟು ಆಡಂಬರದಿಂದ ಅಭಿನಯಿಸಿದರೂ ವೈದ್ಯವೃತ್ತಿಗೆ ಅವಮಾನವಾಗಲಿಲ್ಲ, ಡಂಭಕ್ಕೆ ಆಯಿತು. ಡಂಭವನ್ನು ಬಿಡಬಹುದು. ಆತ್ಮಪ್ರಶಂಸೆಯನ್ನು ಬಿಡಬಹುದು. ಜಿಪುಣತನ, ಸುಳ್ಳು, ಹೊಟ್ಟೆಕಿಚ್ಚುಗಳನ್ನು ಪ್ರಯತ್ನಪಟ್ಟರೆ ಬಿಡಬಹುದು. ಬಿಡಬಹುದಾದುದನ್ನು ಕಂಡು ನಕ್ಕರೆ ಆ ನಗು ಎಚ್ಚರಿಕೆಯಾಗುತ್ತದೆ. ಬಿಡಲಾಗದುದನ್ನು ಕಂಡು ನಕ್ಕರೆ ಅದೇ ನಗು ಹಿಂಸೆಯಾಗುತ್ತದೆ. ಹಾಸ್ಯಪಾತ್ರವೊಂದನ್ನು ತೂಗುವುದಕ್ಕೆ ಇದಕ್ಕಿಂತ ಸರಳವಾದ ತಕ್ಕಡಿ ಬೇಕಿಲ್ಲ.

ಜೈನ ಸಾಹಿತ್ಯಕ್ಕೆ ಈ ತಕ್ಕಡಿ ಅಪರಿಚಿತವಲ್ಲ. ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನು ಕನ್ನಡಕ್ಕೆ ತಂದ ಧರ್ಮಪರೀಕ್ಷೆಯ ಹಿನ್ನೆಲೆಯಲ್ಲಿ 1014ರಲ್ಲಿ ರಚಿತವಾದ ಅಮಿತಗತಿಯ ಸಂಸ್ಕೃತ ಕೃತಿಯಿದೆ. ಅಲ್ಲಿ ನಾಲ್ವರು ಮೂರ್ಖರ ಕಥೆ ಬರುತ್ತದೆ. ಮುನಿಯೊಬ್ಬರು ನಾಲ್ವರಿಗೂ ಒಟ್ಟಾಗಿ ಆಶೀರ್ವಾದ ಮಾಡಿ ಮುಂದೆ ನಡೆಯುತ್ತಾರೆ. ಆಶೀರ್ವಾದ ತನಗೇ ಸಂದಿತೆಂದು ನಾಲ್ವರೂ ಜಗಳವಾಡುತ್ತಾರೆ. ಯಾರು ಅತಿ ಮೂರ್ಖನೋ ಅವನಿಗೇ ಅದು ಸೇರಿತೆಂದು ತಿಳಿದೊಡನೆ ಪ್ರತಿಯೊಬ್ಬನೂ ತನ್ನ ಮೂರ್ಖತನವನ್ನು ಊರವರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳತೊಡಗುತ್ತಾನೆ. ಆ ನಗುವಿನ ಕೆಳಗೆ ಯಾರೂ ಸಿಕ್ಕಿ ನಲುಗುವುದಿಲ್ಲ. ಆದರೆ ಪರಂಪರೆಯ ಗುಣವನ್ನು ಹೇಳುವಾಗ ಅದರ ಕೊರತೆಯನ್ನು ಮುಚ್ಚಿಡುವುದು ಸತ್ಯಾಣುವ್ರತಕ್ಕೆ ಸಲ್ಲದು. ಇದೇ ಧರ್ಮಪರೀಕ್ಷೆಯಲ್ಲಿ, ಬ್ರಹ್ಮಶಿವನ ಸಮಯಪರೀಕ್ಷೆಯಲ್ಲಿ, ಅನ್ಯಮತೀಯರ ದೇವರನ್ನೂ ಪುರಾಣವನ್ನೂ ಗೇಲಿ ಮಾಡುವ ಭಾಗಗಳು ಸಾಕಷ್ಟಿವೆ. ವಾದದ ಕಾಲದಲ್ಲಿ ಅದು ಆಯುಧವಾಗಿತ್ತೆಂದು ಹೇಳಬಹುದು. ಅನೇಕಾಂತದ ಬೆಳಕಿನಲ್ಲಿ ಅದನ್ನು ಆದರ್ಶವೆಂದು ಹೇಳಲಾಗದು. ಕಿರುತೆರೆಗೆ ಹಿಡಿಯುವ ಅಳತೆಗೋಲನ್ನು ತನ್ನ ಗ್ರಂಥಭಂಡಾರಕ್ಕೂ ಹಿಡಿದಾಗ ಮಾತ್ರ ವಿಮರ್ಶೆಗೆ ಬಲ ಬರುತ್ತದೆ.

ಈ ಅಳತೆಗೋಲಿಗೆ ಸಿಕ್ಕಿಬೀಳುವ ಪಾತ್ರಗಳು ಕಿರುತೆರೆಯಲ್ಲಿ ಕಡಿಮೆಯಿಲ್ಲ. ದಪ್ಪನೆಯ ಮೈ, ಕಪ್ಪು ಬಣ್ಣ, ಕುಳ್ಳ ದೇಹ, ಬೋಳು ತಲೆ, ತೊದಲು ಮಾತು ಇವು ಒಂದಲ್ಲ ಒಂದು ಕಾರ್ಯಕ್ರಮದಲ್ಲಿ ಪ್ರತಿವಾರದ ಸರಕು. ಪಾತ್ರಕ್ಕೆ ಬೇರೆ ಗುಣವೇ ಇರುವುದಿಲ್ಲ. ದೇಹವೇ ಅದರ ಸಂಭಾಷಣೆ. ಕಲಾವಿದ ತನ್ನ ದೇಹವನ್ನು ತಾನೇ ಒಪ್ಪಿ ನಗೆಗೆ ಒಡ್ಡಿರಬಹುದು. ಅದು ಅವನ ಅನ್ನದ ದಾರಿ. ಅವನ ಒಪ್ಪಿಗೆ ಅವನೊಬ್ಬನದು. ಅದೇ ದೇಹವನ್ನು ಹೊತ್ತು ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವ ಹುಡುಗಿಯನ್ನು ಯಾರೂ ಒಪ್ಪಿಗೆ ಕೇಳಿರುವುದಿಲ್ಲ. ಗೊಂಬೆಯ ಹೆಸರು ಸಮುದಾಯಕ್ಕೆ ಅಂಟಿದ ಹಾಗೆ ಪಾತ್ರದ ಹೆಸರು ಅವಳಿಗೆ ಅಂಟುತ್ತದೆ. ಪೂಜ್ಯಪಾದರು ದೀನರನ್ನು ಕಂಡು ನಗುವುದೆಂದು ಬೇರೆಯಾಗಿಯೇ ಹೆಸರಿಸಿದ ದೋಷ ಇಲ್ಲಿ ಸಾಕ್ಷಾತ್ತಾಗಿ ನಿಲ್ಲುತ್ತದೆ.

ಗಂಡಸರಿಗೆ ಸೀರೆಯುಡಿಸಿ ನಗಿಸುವ ಪದ್ಧತಿಯೂ ಹೀಗೆಯೇ ಪರಿಶೀಲನೆಗೆ ಅರ್ಹ. ಹಿಂದಿಯಲ್ಲಿ ಗುತ್ಥಿ ಮತ್ತು ದಾದಿಯ ಪಾತ್ರಗಳು ಇದನ್ನು ಮನೆಮಾತಾಗಿಸಿದವು, ತೆಲುಗಿನ ‘ಜಬರ್ದಸ್ತ್’ನಲ್ಲಿ ಸ್ತ್ರೀವೇಷದ ನಟರು ನಿತ್ಯದ ದೃಶ್ಯ, ಕನ್ನಡದ ಹಾಸ್ಯ ಕಾರ್ಯಕ್ರಮಗಳೂ ಅದೇ ದಾರಿ ಹಿಡಿದವು. ಸ್ತ್ರೀವೇಷ ದೋಷವಲ್ಲ. ಕರ್ನಾಟಕದ ಬಯಲಾಟ ಮತ್ತು ನಾಟಕ ಕಂಪನಿಗಳು ಎಷ್ಟೋ ಕಾಲ ಅದರಿಂದಲೇ ನಡೆದವು. ಅಲ್ಲಿ ದ್ರೌಪದಿಯಾಗಿ ಬಂದ ನಟನನ್ನು ಕಂಡು ಜನ ಅತ್ತರು. ಕಿರುತೆರೆಯಲ್ಲಿ ಅತಿಯಾದ ನಡುಬಳಕು, ಎದೆಯುಬ್ಬು, ದ್ವಂದ್ವಾರ್ಥದ ಮಾತುಗಳೇ ಆ ವೇಷದ ಉದ್ದೇಶವಾದಾಗ ಅದು ಬೇರೆ ವಸ್ತುವಾಗುತ್ತದೆ. ತತ್ತ್ವಾರ್ಥಸೂತ್ರವು ಅನರ್ಥದಂಡವ್ರತದ ಅತಿಚಾರಗಳಲ್ಲಿ ಮೊದಲ ಎರಡನ್ನು ಕಂದರ್ಪ ಮತ್ತು ಕೌತ್ಕುಚ್ಯ ಎನ್ನುತ್ತದೆ. ಕಾಮದ ಸೋಂಕಿನ ಅಸಭ್ಯ ಪರಿಹಾಸ ಕಂದರ್ಪ. ಅದಕ್ಕೆ ದೇಹದ ಕುಚೇಷ್ಟೆಯೂ ಸೇರಿದರೆ ಕೌತ್ಕುಚ್ಯ. ಮೂರನೆಯದು ಮೌಖರ್ಯ, ಅಂದರೆ ತಡೆಯಿಲ್ಲದ ಬಾಯಾಳಿತನ. ಹಲವು ಶತಮಾನಗಳ ಹಿಂದೆ ಬರೆದ ಈ ಮೂರು ಹೆಸರುಗಳು ಇಂದಿನ ಪ್ರಹಸನಗಳನ್ನು ನೋಡಿ ಬರೆದಂತಿವೆ.

ಇದರ ಪೆಟ್ಟು ಬೀಳುವುದು ಯಾರ ಮೇಲೆ ಎಂಬುದನ್ನು ಬಳ್ಳಾರಿ ಸೀಮೆಯವರು ಚೆನ್ನಾಗಿ ಬಲ್ಲರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದ ಮಂಜಮ್ಮ ಜೋಗತಿ ಇದೇ ಸೀಮೆಯ ಮರಿಯಮ್ಮನಹಳ್ಳಿಯ ಕಲಾವಿದೆ. ಜೋಗತಿ ನೃತ್ಯವನ್ನು ಉಳಿಸಿ ಬೆಳೆಸಿದ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ರಾಷ್ಟ್ರಪತಿಯವರ ಕೈಯಿಂದ ಗೌರವ ಪಡೆಯಬಲ್ಲ ಬದುಕನ್ನು ಅದೇ ಜನ ಅದೇ ಪೆಟ್ಟಿಗೆಯಲ್ಲಿ ವಾರವಾರವೂ ಗೇಲಿಯ ವಸ್ತುವಾಗಿ ನೋಡುತ್ತಾರೆ. ಪ್ರಶಸ್ತಿಯ ಸುದ್ದಿ ಒಂದು ದಿನದ್ದು, ಗೇಲಿ ನಿತ್ಯದ್ದು.

ಭಾಷೆಯ ಹಾಸ್ಯ ಇನ್ನೂ ಸೂಕ್ಷ್ಮವಾದುದು. ಬೆಂಗಳೂರಿನಲ್ಲಿ ಸಿದ್ಧವಾಗುವ ಪ್ರಹಸನಗಳಲ್ಲಿ ಕಾವಲುಗಾರ, ಅಡುಗೆಯಾಳು, ದಡ್ಡ ನೆಂಟ ಇಂಥವರ ಬಾಯಲ್ಲಿ ಉತ್ತರ ಕರ್ನಾಟಕದ ಮಾತನ್ನು ಇಡುವ ರೂಢಿ ಬಹಳ ಕಾಲ ನಡೆಯಿತು. ರಾರಾವಿಯ ಮನೆಯೊಂದರಲ್ಲಿ ಅಜ್ಜಿ ಮೊಮ್ಮಗನನ್ನು ಊಟಕ್ಕೆ ಕರೆಯುವ ಮಾತು ತೆರೆಯ ಮೇಲೆ ಬಂದೊಡನೆ ನಗೆಯ ಅಲೆ ಎದ್ದರೆ ಮೊಮ್ಮಗ ಕಲಿಯುವುದೇನು? ಅಜ್ಜಿಯ ಮಾತೇ ತಪ್ಪೆಂದು. 2016ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಕಾಮಿಡಿ ಕಿಲಾಡಿಗಳು’ ಈ ವಿಷಯದಲ್ಲಿ ಸ್ವಲ್ಪ ನ್ಯಾಯ ಮಾಡಿತು. ಜಿಲ್ಲೆ ಜಿಲ್ಲೆಗಳಿಂದ ಬಂದ ಕಲಾವಿದರು ತಮ್ಮ ಸೀಮೆಯ ಕನ್ನಡವನ್ನು ತಾವೇ ಆಡಿದರು. ಆಡುವವನು ಅದೇ ಮಣ್ಣಿನವನಾದಾಗ ಮಾತು ಪಾತ್ರದ ಉಸಿರಾಗುತ್ತದೆ; ಅನುಕರಿಸುವವನು ಹೊರಗಿನವನಾದಾಗ ಮಾತೇ ಪಾತ್ರದ ಊನವಾಗಿ ಕಾಣುತ್ತದೆ. ಒಂದೇ ಶಬ್ದ ಒಬ್ಬನ ಬಾಯಲ್ಲಿ ಆತ್ಮೀಯ, ಇನ್ನೊಬ್ಬನ ಬಾಯಲ್ಲಿ ಅಣಕ.

‘ಮಜಾ ಟಾಕೀಸ್’ನ ಮತ್ತೊಬ್ಬ ಜನಪ್ರಿಯ ನಟ ಪ್ರತಾಪ್. ಇವರ ಹೆಸರಿಗೆ ‘ಕುರಿ’ ಎಂಬ ವಿಶೇಷಣ ಸೇರಿದ್ದು ಉದಯ ವಾಹಿನಿಯ ‘ಕುರಿಗಳು ಸಾರ್ ಕುರಿಗಳು’ ಕಾರ್ಯಕ್ರಮದಿಂದ. ಕೆ. ಎಸ್. ನಿಸಾರ್ ಅಹಮದ್ ಅವರ ಪ್ರಸಿದ್ಧ ಕವಿತೆಯ ಹೆಸರು ಹೊತ್ತ ಆ ಕಾರ್ಯಕ್ರಮದಲ್ಲಿ ಕ್ಯಾಮೆರಾ ಅಡಗಿಸಿಟ್ಟು, ದಾರಿಹೋಕರನ್ನು ಸುಳ್ಳಿನಿಂದ ಬೇಸ್ತು ಬೀಳಿಸಿ, ಅವರ ಗಾಬರಿಯನ್ನು ನಗೆಯಾಗಿಸುತ್ತಿದ್ದರು. ಕವಿತೆಯಲ್ಲಿ ಕುರಿಗಳೆಂಬ ಟೀಕೆ ಎಲ್ಲರಿಗೂ ಅನ್ವಯಿಸುವಂತಹುದು. ಕಾರ್ಯಕ್ರಮದಲ್ಲಿ ಕುರಿಯಾಗುವವನು ನಂಬಿದವನೊಬ್ಬನೇ. ಸತ್ಯವ್ರತದ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳ ತ್ಯಾಗದೊಡನೆ ಹಾಸ್ಯದ ತ್ಯಾಗವನ್ನೂ ಸೂತ್ರಕಾರರು ಹೇಳಿದ್ದು ಇದಕ್ಕಾಗಿ. ಮನುಷ್ಯ ಸಿಟ್ಟಿನಿಂದ, ಆಸೆಯಿಂದ, ಹೆದರಿಕೆಯಿಂದ ಸುಳ್ಳಾಡುವಂತೆ ತಮಾಷೆಗಾಗಿಯೂ ಸುಳ್ಳಾಡುತ್ತಾನೆ. ಕೊನೆಯದು ಸುಳ್ಳೆಂದೇ ಅವನಿಗೆ ತೋರುವುದಿಲ್ಲ. ಸುಳ್ಳಿನಲ್ಲಿ ಸಂತೋಷಪಡುವುದನ್ನು ಮೃಷಾನಂದವೆಂಬ ರೌದ್ರಧ್ಯಾನವಾಗಿ ಎಣಿಸಿದ್ದಾರೆ. ಪ್ರತಾಪ್ ಅವರ ಪ್ರತಿಭೆ ಆ ಬಳಿಕ ಮನೆಯ ರಂಗದ ಮೇಲೆ, ಸಹನಟರ ನಡುವೆ, ಎಲ್ಲರಿಗೂ ಗೊತ್ತಿರುವ ನಾಟಕವಾಗಿ ಅರಳಿದ್ದು ಒಳಿತೇ ಆಯಿತು. ಅಲ್ಲಿ ಮೋಸಹೋದವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಕೇಳಲೇಬೇಕು. ಹೊಲಗದ್ದೆಯಲ್ಲಿ ದುಡಿದು ಬಂದವನಿಗೆ, ದಿನವಿಡೀ ಒಲೆಯ ಮುಂದೆ ಬೆಂದವಳಿಗೆ ಒಂದು ಗಳಿಗೆಯ ನಗುವೂ ಬೇಡವೆ? ವ್ರತದ ಹೆಸರಿನಲ್ಲಿ ಅದನ್ನೂ ಕಸಿಯುವುದೆ? ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿ, ಪೊಲೀಸ್ ಇಲಾಖೆಯಲ್ಲಿ ದುಡಿದು, ಕನ್ನಡಿಗರನ್ನು ದಶಕಗಳ ಕಾಲ ನಗಿಸಿದ ಬೀಚಿಯವರೇ ಈ ಆಕ್ಷೇಪಕ್ಕೆ ಉತ್ತರ. ಅವರ ತಿಂಮ ಸಹ ಮರಳಿ ಮರಳಿ ಬರುವ ಪಾತ್ರವೇ. ಪುಸ್ತಕದಿಂದ ಪುಸ್ತಕಕ್ಕೆ ಅವನು ಬಂದರೂ ಅವನ ಮೈಕಟ್ಟನ್ನು ಕಂಡು ಯಾರೂ ನಗಲಿಲ್ಲ. ಅವನ ಪೆದ್ದುತನದ ಕನ್ನಡಿಯಲ್ಲಿ ಜಾಣರ ಕಪಟ ಕಾಣುತ್ತಿತ್ತು. ತನ್ನ ಆತ್ಮಕಥೆಯನ್ನೇ ‘ಭಯಾಗ್ರಫಿ’ ಎಂದು ಕರೆದು ಮೊದಲ ನಗೆಯನ್ನು ತನ್ನ ಮೇಲೆಯೇ ಎಳೆದುಕೊಂಡ ಲೇಖಕ ಅವರು. ದಣಿದವರನ್ನು ನಗಿಸುವುದಕ್ಕೆ ಇನ್ನೊಬ್ಬ ದಣಿದವನನ್ನು ಬಲಿಕೊಡಬೇಕಾಗಿಲ್ಲ ಎಂಬುದಕ್ಕೆ ಇದೇ ಸೀಮೆ ಕೊಟ್ಟ ಸಾಕ್ಷ್ಯವಿದು.

ನೋಡುವವನ ಪಾಲು ಇದರಲ್ಲಿ ಏನು? ಕೃತ, ಕಾರಿತ, ಅನುಮತ ಎಂಬ ಮೂರು ದಾರಿಗಳಲ್ಲಿ ಪಾಪ ಬರುತ್ತದೆಂದು ಶ್ರಾವಕನಿಗೆ ಬಾಲ್ಯದಿಂದಲೇ ಹೇಳಿಕೊಡುತ್ತಾರೆ. ಪ್ರಹಸನವನ್ನು ಆಡುವವನದು ಕೃತ. ಆಡಿಸುವ ವಾಹಿನಿಯದು ಕಾರಿತ. ಕುರ್ಚಿಯಲ್ಲಿ ಕುಳಿತು ನಗುವವನದು ಅನುಮತ. ರಂಗದ ಪಕ್ಕದಲ್ಲಿ ನಗುವುದಕ್ಕೆಂದೇ ಒಂದು ಆಸನವನ್ನು ಇಟ್ಟಿರುವ ಏರ್ಪಾಡು ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ. ಎಲ್ಲಿ ನಗಬೇಕೆಂಬುದನ್ನು ಅದು ತೋರಿಸಿಕೊಡುತ್ತದೆ. ಮನೆಯಲ್ಲಿ ಕುಳಿತವನು ಯೋಚಿಸುವ ಮೊದಲೇ ನಕ್ಕಿರುತ್ತಾನೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ದುಃಶ್ರುತಿಯನ್ನೂ ಸೇರಿಸಿದರು. ಮನಸ್ಸನ್ನು ಕೆಡಿಸುವುದನ್ನು ಕೇಳುವುದೂ ಒಂದು ಕ್ರಿಯೆಯೇ, ಕೇಳುಗನೇನೂ ನಿರ್ಲಿಪ್ತನಲ್ಲ ಎಂಬುದು ಅದರ ತಾತ್ಪರ್ಯ. ಒಮ್ಮೆ ಕೇಳಿದ ಅಣಕ ಮರೆತುಹೋಗಬಹುದು. ಮರಳಿ ಬರುವ ಪಾತ್ರ ಮರೆಯಲು ಬಿಡುವುದಿಲ್ಲ. ಅದು ಅಭ್ಯಾಸವನ್ನು ಕಟ್ಟುತ್ತದೆ. ಮಾನವನ್ನು ಕಂಡು ನಗುವ ಅಭ್ಯಾಸವಾದರೆ ಮಾನ ಸಡಿಲವಾದೀತು. ದೇಹವನ್ನು ಕಂಡು ನಗುವ ಅಭ್ಯಾಸವಾದರೆ ದಯೆ ಸಡಿಲವಾಗುತ್ತದೆ.

ಆದುದರಿಂದ ಪೆಟ್ಟಿಗೆಯನ್ನು ಮುಚ್ಚಿಡಿರೆಂದು ಮನೆಯ ಹಿರಿಯರು ಗದರಿಸುವುದರಿಂದ ಪ್ರಯೋಜನ ಕಡಿಮೆ. ಮಕ್ಕಳೊಡನೆ ಕುಳಿತು ನೋಡಿ, ನಗು ಬಂದ ಕ್ಷಣದಲ್ಲಿ ಈ ಪಾತ್ರದಲ್ಲಿ ನಗೆಗೆ ಕಾರಣವಾದುದನ್ನು ಆ ಪಾತ್ರ ಬಯಸಿದರೆ ಬಿಡಬಹುದೆ ಎಂದು ಒಮ್ಮೆ ಕೇಳಿದರೆ ಸಾಕು. ವರಲಕ್ಷ್ಮಿ ತನ್ನ ಬಿರುದನ್ನು ಬಿಡಬಹುದು. ವಿಠಲರಾಯ ತನ್ನ ಡಂಗುರವನ್ನು ನಿಲ್ಲಿಸಬಹುದು. ಕಪ್ಪು ಹುಡುಗಿ ತನ್ನ ಬಣ್ಣವನ್ನು, ಗಡಿಹಳ್ಳಿಯ ಅಜ್ಜಿ ತನ್ನ ಮಾತನ್ನು ಎಲ್ಲಿ ಬಿಟ್ಟು ಬರಬೇಕು? ಈ ಪ್ರಶ್ನೆಗೆ ಮಕ್ಕಳು ಉತ್ತರ ಹುಡುಕತೊಡಗಿದರೆ ಆ ಮನೆಯಲ್ಲಿ ಅಹಿಂಸಾಣುವ್ರತದ ಪಾಠ ಗ್ರಂಥ ಬಿಚ್ಚದೆಯೇ ಆರಂಭವಾದಂತೆ.